ಮರಿ ನಿದ್ದೆಯಲ್ಲಿ ಅತ್ತರೆ ಕೈ ಹಾಕಬೇಡಿ

ರಾತ್ರಿ ಹನ್ನೊಂದರ ಮೇಲೆ ನನಗೆ ಫೋನ್ ಬಂತು ಅಂದರೆ ಎರಡರಲ್ಲಿ ಒಂದು. ಯಾವುದೋ ನಾಯಿಗೆ ಹೆರಿಗೆ ಕಷ್ಟವಾಗಿದೆ. ಇಲ್ಲವೇ ಹೊಸದಾಗಿ ಮರಿ ತಂದ ಮನೆಯಲ್ಲಿ ಎಲ್ಲರೂ ಎದ್ದು ಕೂತಿದ್ದಾರೆ. 'ಡಾಕ್ಟ್ರೇ, ಮಲಗಿದಲ್ಲೇ ಕುಂಯ್ ಕುಂಯ್ ಅಂತ ಅಳ್ತಿದೆ. ಕಾಲೆಲ್ಲ ಅದುರ್ತಿದೆ. ಎಲ್ಲಾದ್ರೂ ನೋವಿರಬಹುದಾ?' ಈಗ ಏನು ಮಾಡುತ್ತಿದೆ ಅಂತ ಕೇಳುತ್ತೇನೆ. ಉತ್ತರ ಹೆಚ್ಚುಕಡಿಮೆ ಯಾವಾಗಲೂ ಒಂದೇ. 'ಎಬ್ಬಿಸಿ ತೊಡೆ ಮೇಲೆ ಹಾಕ್ಕೊಂಡಿದ್ದೀವಿ. ಈಗ ಸುಮ್ನಿದೆ.'

ಈ ಎಬ್ಬಿಸುವ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ. ಲಸಿಕೆ, ಜಂತುಹುಳದ ಔಷಧಿ, ಊಟ ತಿಂಡಿ ಇವೆಲ್ಲ ನಿಮ್ಮ ಡಾಕ್ಟರು ಹೇಳಿರುತ್ತಾರೆ. ನಾನು ಹೇಳುವುದು ಒಂದೇ ಮಾತು. ನಿದ್ದೆಯಲ್ಲಿ ಅಳುವ ಮರಿಯನ್ನು ಮುಟ್ಟಿ ಎಬ್ಬಿಸಬೇಡಿ. ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತಿದ್ದೇನೆ. ಎಲ್ಲರೂ ತಲೆ ಆಡಿಸುತ್ತಾರೆ, ಮನೆಗೆ ಹೋಗಿ ಅದೇ ರಾತ್ರಿ ಎಬ್ಬಿಸುತ್ತಾರೆ. ಪ್ರೀತಿಯಿಂದಲೇ ಎಬ್ಬಿಸುತ್ತಾರೆ ಅನ್ನುವುದು ನನಗೂ ಗೊತ್ತು. ಅದಕ್ಕೇ ಗದರಲು ಮನಸ್ಸು ಬರುವುದಿಲ್ಲ.

ಹೋದ ಮಳೆಗಾಲದಲ್ಲಿ ಮೈಸೂರಿನ ಕುವೆಂಪುನಗರದಿಂದ ಒಂದು ಕುಟುಂಬ ನನ್ನ ಕ್ಲಿನಿಕ್ಕಿಗೆ ಬಂತು. ಎರಡು ತಿಂಗಳ ಲ್ಯಾಬ್ರಡಾರ್ ಹೆಣ್ಣುಮರಿ. ನಾಲ್ಕು ರಾತ್ರಿಯಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇಲ್ಲ. ಮರಿ ಮುಲುಗಿದ ತಕ್ಷಣ ಏಳನೇ ಕ್ಲಾಸಿನ ಹುಡುಗಿ ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು. ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಅಪ್ಪ ಮಕ್ಕಳ ಜ್ವರದ ಸಿರಪ್ ಒಂದಿಷ್ಟು ಹಾಕಿದ್ದರು. ಅಜ್ಜಿ ಮಾಡಿದ್ದರಿಂದ ಮರಿಗೆ ಏನೂ ಆಗುವುದಿಲ್ಲ. ಸಿರಪ್ ಮಾತ್ರ ದಯವಿಟ್ಟು ಬೇಡ. ಪ್ಯಾರಾಸಿಟಮಾಲ್ ಅಳತೆ ತಪ್ಪಿದರೆ ನಾಯಿಯ ಲಿವರ್‌ಗೆ ಪೆಟ್ಟು. ಐಬುಪ್ರೊಫೆನ್ ಇನ್ನೂ ಕೆಟ್ಟದ್ದು, ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೂ ಕೆಡಿಸುತ್ತದೆ.

ಮರಿಯನ್ನು ಪೂರ್ತಿ ನೋಡಿದೆ. ಜ್ವರ ಇಲ್ಲ. ವಸಡು ಗುಲಾಬಿ ಬಣ್ಣಕ್ಕಿದೆ. ಹೊಟ್ಟೆ ಮೆತ್ತಗಿದೆ. ಕಾಲಿನ ಒಂದೊಂದು ಕೀಲನ್ನೂ ಮಡಚಿ ಬಿಡಿಸಿ ನೋಡಿದೆ, ಅದು ನನ್ನ ಬೆರಳನ್ನೇ ಕಚ್ಚುತ್ತಾ ಆಟ ಆಡಿತು. ನೋವಿರುವ ಮರಿ ಎಚ್ಚರ ಇದ್ದಾಗಲೂ ನೋವು ತೋರಿಸುತ್ತದೆ. ಕುಂಟುತ್ತದೆ, ಮುಟ್ಟಿದರೆ ಕಿರುಚುತ್ತದೆ, ಊಟ ಬಿಡುತ್ತದೆ. ಹಗಲೆಲ್ಲ ಚೆನ್ನಾಗಿ ಆಡಿ, ತಿಂದು, ಬರೀ ನಿದ್ದೆಯಲ್ಲಿ ಮಾತ್ರ ಮುಲುಗಿದರೆ ಅದು ನೋವಾಗಿರುವುದು ಬಹಳ ಅಪರೂಪ.

ನಾವು ಮಾತಾಡುತ್ತಾ ಇರುವಾಗಲೇ ಆ ಮರಿ ತೂಕದ ಯಂತ್ರದ ಮೇಲೆ ಹಾಸಿದ್ದ ಟವೆಲ್ ಮೇಲೆ ನಿದ್ದೆ ಹೋಯಿತು. 'ಈಗ ಎಲ್ಲರೂ ಸುಮ್ಮನೆ ನೋಡಿ' ಅಂದೆ. ಮೊದಲು ಉಸಿರು ನಿಧಾನವಾಯಿತು. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಮೀಸೆಯ ಕೂದಲು ಸಣ್ಣಗೆ ನಡುಗಿತು. ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಅತ್ತಿಂದಿತ್ತ ಓಡಾಡತೊಡಗಿತು. ಮುಂಗಾಲು ಎರಡು ಸಲ ಗಾಳಿ ಕೆರೆಯಿತು. ನಾಲಿಗೆ ಹಾಲು ಚೀಪಿದ ಹಾಗೆ ಅಲ್ಲಾಡಿತು. ಬಾಯಿ ಮುಚ್ಚಿಕೊಂಡೇ ಫುಫ್, ಫುಫ್ ಅಂತ ಬೊಗಳಿತು, ಪ್ರತಿ ಸಲ ಕೆನ್ನೆ ಉಬ್ಬುತ್ತಿತ್ತು. ಕೊನೆಗೆ ಎಳೆಯಾಗಿ, ಉದ್ದಕ್ಕೆ ಒಂದು ಅಳು. ಹುಡುಗಿಯ ಕೈ ತಾನಾಗಿಯೇ ಮುಂದೆ ಹೋಯಿತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡು 'ಎಣಿಸು ಪುಟ್ಟಿ' ಅಂದೆ. ನಲವತ್ತೆರಡಕ್ಕೆ ಮರಿ ದೊಡ್ಡದಾಗಿ ಉಸಿರು ಬಿಟ್ಟು, ಹಿಂಗಾಲು ಚಾಚಿ, ತಣ್ಣಗಾಯಿತು.

'ಅದಕ್ಕೆ ಗೊತ್ತೇ ಆಗ್ಲಿಲ್ಲ ಅಲ್ವಾ ಆಂಟಿ?' ಅಂದಳು ಹುಡುಗಿ.

ಅವಳು ನೋಡಿದ್ದಕ್ಕೆ ಆರ್‌ಇಎಂ ನಿದ್ದೆ ಅನ್ನುತ್ತಾರೆ, ಅಂದರೆ ಕಣ್ಣುಗುಡ್ಡೆ ಓಡಾಡುವ ನಿದ್ದೆ. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಮನುಷ್ಯರಲ್ಲಿ ಗುರುತಿಸಿದರು. ಈ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿ ಇರುವಷ್ಟೇ ಚುರುಕಾಗಿರುತ್ತದೆ, ಮೈ ಮಾತ್ರ ಸಡಿಲವಾಗಿರುತ್ತದೆ. ಮಿದುಳಿನ ಬುಡದಲ್ಲಿ ಪಾನ್ಸ್ ಅನ್ನುವ ಭಾಗ ಇದೆ. ಕನಸಿನ ಓಟ ಕಾಲಿಗೆ ಇಳಿಯದಂತೆ ತಡೆಯುವ ಕೆಲಸ ಅಲ್ಲಿಂದ ನಡೆಯುತ್ತದೆ. ಫ್ರಾನ್ಸಿನ ಲಿಯೋನ್‌ನಲ್ಲಿ ಮಿಷೆಲ್ ಜುವೆ ಬೆಕ್ಕುಗಳಲ್ಲಿ ಈ ತಡೆಯನ್ನು ತೆಗೆದು ನೋಡಿದರು. ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಎರಗಿದವು.

ಎಳೆ ಮರಿಯಲ್ಲಿ ಈ ತಡೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅಲ್ಲಲ್ಲಿ ಸೋರುತ್ತದೆ. ಕಾಲಿನಲ್ಲಿ ಸೋರಿದರೆ ಕಾಲು ಅದುರುತ್ತದೆ. ಗಂಟಲಿನಲ್ಲಿ ಸೋರಿದರೆ ಕುಂಯ್ ಅನ್ನುತ್ತದೆ. ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ, ಎಲ್ಲರೂ ಎಡವುವುದು ಇಲ್ಲೇ. ಕಾಲು ಅದುರಿದರೆ 'ಓಡ್ತಿದೆ' ಅಂತ ನಗುತ್ತೀರಿ. ಅದೇ ಅದುರು ಗಂಟಲಿಗೆ ಬಂದರೆ 'ಅಳ್ತಿದೆ' ಅಂತ ಹೆದರುತ್ತೀರಿ. ಆ ದನಿ ಕೇಳಿದರೆ ಕರುಳು ಚುರುಕ್ ಅನ್ನುತ್ತದೆ, ಒಪ್ಪುತ್ತೇನೆ. ಆದರೆ ಮರಿ ಆ ದನಿಯಲ್ಲಿ ನಿಮ್ಮನ್ನು ಕರೆಯುತ್ತಿಲ್ಲ. ಕಾಲು ಅದುರಿದ ಹಾಗೆ ಗಂಟಲೂ ಅದುರುತ್ತಿದೆ, ಅಷ್ಟೇ.

ಹಾಗಾದರೆ ಕನಸು ಕಾಣುತ್ತದಾ? ಮರಿಯನ್ನು ಕೇಳಲು ಆಗುವುದಿಲ್ಲ, ಆದ್ದರಿಂದ ಎಚ್ಚರಿಕೆಯಿಂದ ಹೇಳುತ್ತೇನೆ. ಅಮೆರಿಕದ ಎಂಐಟಿಯಲ್ಲಿ 2001ರಲ್ಲಿ ಇಲಿಗಳ ಮೇಲೆ ಒಂದು ಅಧ್ಯಯನ ಬಂತು. ಹಗಲು ದಾರಿಯಲ್ಲಿ ಓಡುವಾಗ ಇಲಿಯ ಮಿದುಳಿನ ಕೋಶಗಳು ಯಾವ ಕ್ರಮದಲ್ಲಿ ಮಿಡಿದಿದ್ದವೋ, ಈ ಕಣ್ಣೋಡುವ ನಿದ್ದೆಯಲ್ಲಿ ಅದೇ ಕ್ರಮದಲ್ಲಿ ಮತ್ತೆ ಮಿಡಿದವು. ನಾಯಿಯ ಮಿದುಳು ಇಲಿಗಿಂತ ದೊಡ್ಡದು. ಬೆಳಿಗ್ಗೆ ಬಾಳೆಗಿಡದ ಹಿಂದೆ ನೋಡಿದ ಓತಿಕ್ಯಾತ ರಾತ್ರಿ ಮತ್ತೆ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೂ ಕಣ್ಣು ಬಿಡದ ಮರಿಗಳ ವಿಷಯ ಇನ್ನೂ ಚೆಂದ. ಅವು ದಿನದ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತವೆ, ನಿದ್ದೆ ತುಂಬಾ ಅದುರುತ್ತವೆ. ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಎಳೆ ಇಲಿಮರಿಗಳಲ್ಲಿ ಇದನ್ನೇ ಬಹಳ ವರ್ಷ ನೋಡಿದ್ದಾರೆ. ಒಂದೊಂದು ಸಲ ಕಾಲು ಅದುರಿದಾಗಲೂ ಆ ಕಾಲಿನ ಸುದ್ದಿ ಮಿದುಳಿಗೆ ಹೋಗುತ್ತದೆ. ತನ್ನ ಮೈ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಮರಿ ಕಲಿಯುವುದು ಹೀಗೆ ಅನ್ನುವುದು ಅವರ ವಾದ. ಪಳಗಿದ ಸಾಕಣೆದಾರರಿಗೆ ಇದು ಅನುಭವದಿಂದಲೇ ಗೊತ್ತು. ಮಲಗಿದ ಮರಿಗಳಲ್ಲಿ ಯಾವುದು ಅದುರದೆ ಸುಮ್ಮನೆ ಬಿದ್ದಿದೆಯೋ ಅದನ್ನೇ ಅವರು ಮೊದಲು ಎತ್ತಿ ನೋಡುತ್ತಾರೆ. ತಾಯಿ ನಾಯಿಯನ್ನು ಗಮನಿಸಿ. ಆರು ಮರಿ ಹೊಟ್ಟೆಗೆ ಒತ್ತಿಕೊಂಡು ಕುಂಯ್‌ಗುಟ್ಟುತ್ತಿದ್ದರೂ ಅದು ತಲೆ ಎತ್ತುವುದಿಲ್ಲ. ಎಚ್ಚರದ ಅಳುವಿಗೆ ಮಾತ್ರ ಏಳುತ್ತದೆ.

ಓದು ಮುಗಿಸಿದ ಹೊಸದರಲ್ಲಿ ನಾನು ಕೆಲಕಾಲ ಮುಧೋಳದ ಕಡೆ ಇದ್ದೆ. ಅಲ್ಲಿ ಹಟ್ಟಿಯ ಮುಂದೆ ಮೂರು ತಿಂಗಳ ಮುಧೋಳ ಮರಿಯೊಂದು ಮಲಗಿತ್ತು. ನಾಲ್ಕೂ ಕಾಲು ಓಡುತ್ತಿದ್ದವು, ಗಂಟಲಲ್ಲಿ ಕೀರಲು ದನಿ. ನಾನು ಗಾಬರಿಯಾಗಿ ಬಗ್ಗಿದೆ. ಕುರಿ ಕಾಯುವ ಅಜ್ಜ ಕೋಲು ಅಡ್ಡ ಹಿಡಿದರು. 'ಬಿಡ್ರಿ ಡಾಕ್ಟರ್ರ, ಮೊಲದ ಬೆನ್ನ ಹತ್ತೈತಿ ಅದು. ಹಿಡೀಲಿ.' ಕಾಲೇಜಿನಲ್ಲಿ ಯಾರೂ ನನಗೆ ಇದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಎಬ್ಬಿಸಿದರೆ ಏನಾಗುತ್ತದೆ ಅಂತ ಕೇಳುತ್ತೀರಿ. ಒಂದು, ಬೆಳೆಯುವ ಮಿದುಳಿನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಎಳೆ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ರಾತ್ರಿ ಆರು ಸಲ ಎಬ್ಬಿಸಿದ ಮರಿ ಹಗಲು ಜಾಸ್ತಿ ಕಚ್ಚುತ್ತದೆ, ಕಿರಿಕಿರಿ ಮಾಡುತ್ತದೆ. ಆಮೇಲೆ 'ಇದು ತುಂಬಾ ಹಠ' ಅಂತ ನನ್ನ ಹತ್ತಿರವೇ ಬರುತ್ತೀರಿ.

ಎರಡನೆಯದು ಇದಕ್ಕಿಂತ ಗಂಭೀರ. ನಿದ್ದೆಯಿಂದ ಬೆಚ್ಚಿಬಿದ್ದ ನಾಯಿಗೆ ಒಂದೆರಡು ಕ್ಷಣ ಎದುರಿಗಿರುವವರು ಯಾರು ಅಂತ ತಿಳಿಯುವುದಿಲ್ಲ. ಒಬ್ಬ ತಂದೆ ಅಳುವ ಮರಿಗೆ ಮುತ್ತು ಕೊಡಲು ಮುಖ ಹತ್ತಿರ ಒಯ್ದರು. ತುಟಿ ಹರಿಯಿತು. ಮರಿಗೆ ಎರಡೂವರೆ ತಿಂಗಳು, ರೇಬಿಸ್ ಲಸಿಕೆ ಇನ್ನೂ ಆಗಿರಲಿಲ್ಲ. 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿದರು. ಹಾಗೇ ಮಾಡಬೇಕು, ನಮ್ಮ ಮರಿಯೇ ಅಲ್ವಾ ಅಂತ ಬಿಡಬಾರದು. ಆದರೆ ಮರುದಿನ ಮನೆಯ ಹಿರಿಯರು 'ಕಚ್ಚುವ ಜಾತಿ' ಅಂತ ಮರಿಯನ್ನು ಯಾವುದೋ ತೋಟಕ್ಕೆ ಬಿಟ್ಟು ಬಂದರು. ಆ ಮರಿಯ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದು ತಪ್ಪೇ ಮಾಡಿರಲಿಲ್ಲ.

ತೀರಾ ನೋಡಲಾಗದಿದ್ದರೆ ದೂರ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಕೈ ಬೇಡ.

ಇನ್ನೊಂದು ವಿಷಯ. ಎಷ್ಟೋ ಮನೆಗಳಲ್ಲಿ 'ನಿದ್ದೆಯಲ್ಲಿ ಅಳ್ತಿದೆ' ಅನ್ನುವ ಮರಿ ನಿದ್ದೆಯನ್ನೇ ಮಾಡುತ್ತಿರುವುದಿಲ್ಲ. ಟಾರ್ಚ್ ಬೇಡ, ಸುಮ್ನೆ ಕಣ್ಣು ನೋಡಿ. ಕಣ್ಣು ತೆರೆದಿದ್ದು, ತಲೆ ಎತ್ತಿ ಅಳುತ್ತಿದ್ದರೆ ಅದು ತಾಯಿಯನ್ನು ಹುಡುಕುತ್ತಿದೆ, ಇಲ್ಲವೇ ಉಚ್ಚೆ ಬಂದಿದೆ. ಮೂವತ್ತು ದಿನಕ್ಕೇ ಮರಿ ತಂದರೆ ಇನ್ನೇನಾಗುತ್ತದೆ? ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ಇಂಥ ಮರಿಯನ್ನು ನಿಮ್ಮ ಮಂಚದ ಪಕ್ಕದಲ್ಲಿ ಮಲಗಿಸಿ. ಹೊರಗೆ ಕಟ್ಟಿ 'ಅಭ್ಯಾಸ ಆಗ್ಲಿ' ಅನ್ನಬೇಡಿ.

ಈಗ ನಾನು ಹಿಂಜರಿಯುತ್ತಲೇ ಬರೆಯಬೇಕಾದ ಭಾಗ. ತುಂಬಾ ವರ್ಷದ ಹಿಂದೆ ಒಬ್ಬರು ಫೋನಿನಲ್ಲಿ ಇದೇ ಮಾತು ಹೇಳಿದರು. ನಾನೂ ಇದನ್ನೇ ಹೇಳಿದೆ, ಕನಸು, ಬಿಡಿ ಅಂತ. ಎರಡು ದಿನ ಬಿಟ್ಟು ತಂದರು. ಮೂರು ತಿಂಗಳ ಮರಿ, ಲಸಿಕೆ ಹಾಕಿಸಿರಲಿಲ್ಲ, ಕಣ್ಣಲ್ಲಿ ಪಿಸುರು. ಬಾಯಿ ಚ್ಯೂಯಿಂಗ್ ಗಮ್ ಅಗಿದ ಹಾಗೆ ಬಡಿದುಕೊಳ್ಳುತ್ತಿತ್ತು. ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಮಿದುಳಿಗೆ ಏರಿತ್ತು, ಫಿಟ್ಸ್ ಬರುತ್ತಿತ್ತು. ಉಳಿಯಲಿಲ್ಲ. ಎರಡು ದಿನ ಮೊದಲು ಬಂದಿದ್ದರೂ ಉಳಿಯುತ್ತಿತ್ತು ಅಂತ ಹೇಳಲಾರೆ. ಆದರೆ ನೋಡದೆ ಹೇಳಿದ್ದು ನನ್ನ ತಪ್ಪು. ಅವತ್ತಿನಿಂದ ನೋಡದೆ ಹೇಳುವುದಿಲ್ಲ. ವಿಡಿಯೊ ಕಳಿಸಿ ಅನ್ನುತ್ತೇನೆ.

ಕನಸಿನ ಅದುರು ಬಿಟ್ಟು ಬಿಟ್ಟು ಬರುತ್ತದೆ, ಮೈ ಮೆತ್ತಗಿರುತ್ತದೆ, ಹೆಸರು ಕರೆದರೆ ಎಚ್ಚರವಾಗುತ್ತದೆ, ಎದ್ದ ಮೇಲೆ ಮರಿ ಮಾಮೂಲಿ. ಫಿಟ್ಸ್ ಬಂದರೆ ಸಾಮಾನ್ಯವಾಗಿ ಮೈ ಮರದ ಹಾಗೆ ಸೆಟೆಯುತ್ತದೆ, ಕಾಲು ಒಂದೇ ಸಮನೆ ಜೋರಾಗಿ ಬಡಿಯುತ್ತದೆ, ಕಣ್ಣು ತೆರೆದಿದ್ದರೂ ನೋಟ ಇರುವುದಿಲ್ಲ, ಜೊಲ್ಲು ನೊರೆಯಾಗುತ್ತದೆ, ಉಚ್ಚೆ ಕಕ್ಕಸು ಹೋಗಿಬಿಡಬಹುದು. ಕರೆದರೆ ಕೇಳುವುದಿಲ್ಲ. ಫಿಟ್ಸ್ ನಿಂತ ಮೇಲೂ ಮರಿ ಸ್ವಲ್ಪ ಹೊತ್ತು ಗೋಡೆಗೆ ಡಿಕ್ಕಿ ಹೊಡೆಯುತ್ತಾ ತಿರುಗುತ್ತದೆ. ಎಲ್ಲ ಫಿಟ್ಸೂ ಹೀಗೇ ಇರುವುದಿಲ್ಲ. ಬರೀ ಒಂದು ಕೆನ್ನೆ ಎಳೆಯುವ ಫಿಟ್ಸೂ ಉಂಟು. ಅದಕ್ಕೇ ಇದನ್ನು ಓದಿ ನೀವೇ ತೀರ್ಮಾನ ಮಾಡಬೇಡಿ. ಐದು ನಿಮಿಷ ದಾಟಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ವಿಡಿಯೊಗೂ ಕಾಯಬೇಡಿ, ಗಾಡಿ ತೆಗೆಯಿರಿ. ಫಿಟ್ಸ್‌ನಲ್ಲೂ ಬಾಯಿಗೆ ಕೈ ಹಾಕಬಾರದು. ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳು ಹೋಗುತ್ತದೆ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ.

ಹೋದ ತಿಂಗಳು ಬೆಳಗಿನ ಜಾವ 5 ಗಂಟೆಗೆ ಒಂದು ವಿಡಿಯೊ ಬಂತು. ಶಿಟ್ಜು ಮರಿ, ಒಂದು ಕಿಲೋ ಕೂಡ ಇಲ್ಲ. ಕುಂಯ್ ಅನ್ನುತ್ತಿದೆ, ಆದರೆ ಕುತ್ತಿಗೆ ಹಿಂದಕ್ಕೆ ಬಾಗಿದೆ, ಕಣ್ಣು ತೆರೆದಿದೆ. ಹಿಂದಿನ ಸಂಜೆ 7ಕ್ಕೆ ಊಟ ಕೊಟ್ಟವರು ಆಮೇಲೆ ಏನೂ ಕೊಟ್ಟಿರಲಿಲ್ಲ. ಇಷ್ಟು ಪುಟ್ಟ ಮರಿಗಳಿಗೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತದೆ. ಸೆಳೆತ ನಿಂತಿದೆಯಾ, ನುಂಗುತ್ತದೆಯಾ ಅಂತ ಕೇಳಿ ಖಾತ್ರಿ ಮಾಡಿಕೊಂಡು, ಬೆರಳ ತುದಿಯಲ್ಲಿ ಜೇನುತುಪ್ಪ ತುಟಿಯ ಒಳಗೆ ವಸಡಿಗೆ ಸವರಿ ತಕ್ಷಣ ಹೊರಡಿ ಅಂದೆ. ಗ್ಲುಕೋಸ್ ಏರಿಸಿದ ಮೇಲೆ ಎದ್ದು ಕೂತಿತು. ಎಂಟು ಗಂಟೆಗೆ ಮೊಸರನ್ನ ನೆಕ್ಕಿ, ಮೇಜಿನ ಮೇಲೆಯೇ ಸುರುಳಿ ಸುತ್ತಿಕೊಂಡು ಮಲಗಿತು.

ಸ್ವಲ್ಪ ಹೊತ್ತಿಗೆ ಮೀಸೆ ನಡುಗಿತು. ಕಾಲು ಕೆರೆಯಿತು. ಸಣ್ಣಗೆ ಕುಂಯ್ ಅಂದಿತು. ಅದರ ಯಜಮಾನಿ ನನ್ನ ಮುಖ ನೋಡಿದರು. ಮೈ ಮೆತ್ತಗಿದೆ, ರೆಪ್ಪೆ ಮುಚ್ಚಿದೆ. ನಾನು ತಲೆ ಆಡಿಸಿದೆ. ಅವರು ಎರಡೂ ಕೈ ಸೆರಗಿನೊಳಗೆ ಕಟ್ಟಿಕೊಂಡು, ತುಟಿ ಮಾತ್ರ ಅಲ್ಲಾಡಿಸುತ್ತಾ, ಒಂದು, ಎರಡು, ಮೂರು ಅಂತ ಎಣಿಸತೊಡಗಿದರು.