ಪೆಟ್ಟಿಗೆಯ ಬೆಲೆ ಸ್ಲಾಟಿಗಲ್ಲ

ಆನ್‌ಲೈನ್ ಗೇಮ್‌ಗಳ ಒಳಗಿನ ಬೆಲೆಗಳನ್ನು ಲೆಕ್ಕ ಹಾಕುವುದು ನನ್ನ ಕೆಲಸ. ಕತ್ತಿಗೆ ಎಷ್ಟು, ಮದ್ದಿಗೆ ಎಷ್ಟು, ಮನೆಗೆ ಎಷ್ಟು ಅಂತ. ಇದರಲ್ಲೆಲ್ಲ ನನ್ನನ್ನು ಜಾಸ್ತಿ ಕಾಡಿದ್ದು ಸಾಮಾನು ತುಂಬಿಡುವ ಪೆಟ್ಟಿಗೆ.

ವರ್ಷಗಳ ಹಿಂದೆ ಒಂದು ಸರ್ವೈವಲ್ ಗೇಮ್‌ಗೆ ಬೆಲೆ ಇಡುತ್ತಿದ್ದೆ. ಚಿಕ್ಕ ಪೆಟ್ಟಿಗೆಗೆ 10 ಸ್ಲಾಟ್ (ಸಾಮಾನು ಇಡುವ ಖಾನೆ), ಬೆಲೆ 20 ಹಲಗೆ. ದೊಡ್ಡದಕ್ಕೆ 30 ಸ್ಲಾಟ್, 100 ಹಲಗೆ. ದೊಡ್ಡದು ಒಳ್ಳೆಯದು, ಹಾಗಾಗಿ ದುಬಾರಿ ಇರಲಿ ಅಂದುಕೊಂಡೆ. ಆಟಗಾರರು ನನಗಿಂತ ಬೇಗ ಲೆಕ್ಕ ಹಾಕಿದರು. ಮೂರು ಚಿಕ್ಕ ಪೆಟ್ಟಿಗೆ ಮಾಡಿದರೆ ಅದೇ 30 ಸ್ಲಾಟ್, 60 ಹಲಗೆ ಸಾಕು. ಎರಡೇ ವಾರದಲ್ಲಿ ಮನೆಗಳ ತುಂಬ ಚಿಕ್ಕ ಪೆಟ್ಟಿಗೆಗಳ ಗೋಡೆಗಳು ಎದ್ದವು. ಒಂದೊಂದು ಪೆಟ್ಟಿಗೆಯನ್ನೂ ಸರ್ವರ್ ನೆನಪಿಟ್ಟುಕೊಳ್ಳಬೇಕು, ಸೇವ್ ಮಾಡಬೇಕು, ಹತ್ತಿರ ಬಂದವರಿಗೆಲ್ಲ ತೋರಿಸಬೇಕು. ಗೇಮ್ ತಡವರಿಸತೊಡಗಿತು.

ಆಗ ಇನ್ನೊಂದು ತಪ್ಪು ಮಾಡಿದೆ. ಚಿಕ್ಕ ಪೆಟ್ಟಿಗೆಯ ಬೆಲೆ ಏರಿಸಿದೆ. ಹಳಬರ ಹತ್ತಿರ ಹಲಗೆ ರಾಶಿ ಬಿದ್ದಿತ್ತು, ಅವರಿಗೆ ಏನೂ ತಟ್ಟಲಿಲ್ಲ. ಪೆಟ್ಟು ಬಿದ್ದದ್ದು ಹೊಸಬರಿಗೆ. ಮೊದಲ ದಿನವೇ ಸಾಮಾನು ಇಡಲು ಜಾಗವಿಲ್ಲದೆ ಬಿಟ್ಟುಹೋದರು. ಅವರ ಬಗ್ಗೆ ನನಗೆ ಈಗಲೂ ಬೇಸರವಿದೆ.

ಕೊನೆಗೆ ಚಿಕ್ಕದನ್ನು ಮತ್ತೆ ಅಗ್ಗ ಮಾಡಿದೆವು. ಒಂದು ಮನೆಯಲ್ಲಿ ಇಷ್ಟೇ ಪೆಟ್ಟಿಗೆ ಅಂತ ಮಿತಿ ಹಾಕಿದೆವು. ಅಷ್ಟಕ್ಕೇ ದೊಡ್ಡ ಪೆಟ್ಟಿಗೆಗೆ ಬೆಲೆ ಬಂತು. ಅದರ 100 ಹಲಗೆಯಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಜನ ಈಗ ಸ್ಲಾಟಿಗೆ ಕೊಡುತ್ತಿರಲಿಲ್ಲ, ಜಾಗ ಉಳಿಯುವುದಕ್ಕೆ ಕೊಡುತ್ತಿದ್ದರು.

ಕಾರ್ಖಾನೆ ಕಟ್ಟುವ ಫ್ಯಾಕ್ಟೋರಿಯೋ ಗೇಮ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮರದ ಚೆಸ್ಟ್‌ಗೆ (ಪೆಟ್ಟಿಗೆಗೆ) 16 ಸ್ಲಾಟ್, ಕಬ್ಬಿಣದ್ದಕ್ಕೆ 32, ಉಕ್ಕಿನದಕ್ಕೆ 48. ಕಬ್ಬಿಣದ ಚೆಸ್ಟ್‌ಗೆ 8 ಕಬ್ಬಿಣದ ತಗಡು ಬೇಕು. ಉಕ್ಕಿನದಕ್ಕೆ 8 ಉಕ್ಕಿನ ತಗಡು, ಒಂದೊಂದು ಉಕ್ಕಿನ ತಗಡಿಗೆ 5 ಕಬ್ಬಿಣದ ತಗಡು. ಅಂದರೆ ಒಟ್ಟು 40. ಖರ್ಚು ಐದು ಪಟ್ಟು, ಸ್ಲಾಟ್ ಬರೀ ಒಂದೂವರೆ ಪಟ್ಟು. ಸುಮ್ನೆ ಸ್ಲಾಟ್ ಲೆಕ್ಕ ನೋಡಿದರೆ ಇದು ಶುದ್ಧ ನಷ್ಟ, ಅಲ್ವಾ? ಆದರೂ ಜನ ಕಟ್ಟುತ್ತಾರೆ. ಮೂರೂ ಚೆಸ್ಟ್‌ಗಳು ಕೂರುವುದು ಒಂದೇ ಚೌಕದಲ್ಲಿ. ಸುತ್ತ ಯಂತ್ರಗಳು ಒತ್ತೊತ್ತಾಗಿ ನಿಂತಿರುವಾಗ ಆ ಒಂದು ಚೌಕವೇ ದೊಡ್ಡದು.

ಇನ್ನೂ ಒಳ್ಳೆಯ ಪಾಠ ಮೈನ್‌ಕ್ರಾಫ್ಟ್‌ನಲ್ಲಿದೆ. ಸಾಧಾರಣ ಚೆಸ್ಟ್‌ಗೆ 8 ಹಲಗೆ, 27 ಸ್ಲಾಟ್. ಎರಡು ದಿಮ್ಮಿಯಿಂದಲೇ 8 ಹಲಗೆ ಬರುತ್ತವೆ, ಅಂದರೆ ಹೆಚ್ಚುಕಡಿಮೆ ಪುಕ್ಕಟೆ. ಶಲ್ಕರ್ ಬಾಕ್ಸ್ ಎಂಬ ಇನ್ನೊಂದು ಪೆಟ್ಟಿಗೆಗೂ 27 ಸ್ಲಾಟೇ, ಒಂದೂ ಜಾಸ್ತಿ ಇಲ್ಲ. ಅದನ್ನು ಮಾಡಲು ಮಾತ್ರ 'ದಿ ಎಂಡ್' ಎಂಬ ಲೋಕದಲ್ಲಿರುವ 'ಎಂಡ್ ಸಿಟಿ' ನಗರಗಳವರೆಗೆ ಹೋಗಿ, ಶಲ್ಕರ್ ಎಂಬ ಜೀವಿಗಳನ್ನು ಕೊಂದು ಎರಡು ಚಿಪ್ಪು ತರಬೇಕು. ಆ ಬೆಲೆ ಯಾಕೆ? ಚೆಸ್ಟ್ ಒಡೆದರೆ ಒಳಗಿದ್ದದ್ದೆಲ್ಲ ನೆಲಕ್ಕೆ ಚೆಲ್ಲುತ್ತದೆ. ಶಲ್ಕರ್ ಬಾಕ್ಸ್ ಒಡೆದರೆ ತುಂಬಿದ ಹಾಗೇ ಕೈಗೆ ಬರುತ್ತದೆ. 27 ಸ್ಲಾಟ್, ಒಂದೊಂದರಲ್ಲಿ 64 ಕಲ್ಲು. ಒಟ್ಟು 1728 ಕಲ್ಲು ನಿಮ್ಮ ಇನ್ವೆಂಟರಿಯ, ಅಂದರೆ ಜೊತೆಯಲ್ಲಿ ಹೊತ್ತ ಚೀಲದ, ಒಂದೇ ಸ್ಲಾಟಿನಲ್ಲಿ ಕೂರುತ್ತವೆ. ಹತ್ತಾರು ಸಲದ ಓಡಾಟ ಒಂದೇ ಸಲಕ್ಕೆ ಮುಗಿಯುತ್ತದೆ. ಒಂದು ಶಲ್ಕರ್ ಬಾಕ್ಸಿನೊಳಗೆ ಇನ್ನೊಂದನ್ನು ಇಡಲು ಬಿಡುವುದಿಲ್ಲ. ಬಿಟ್ಟಿದ್ದರೆ ಪೆಟ್ಟಿಗೆಯೊಳಗೆ ಪೆಟ್ಟಿಗೆ ಅಂತ ಕೊನೆಯೇ ಇರುತ್ತಿರಲಿಲ್ಲ, ಉಳಿದ ಎಲ್ಲ ಮಿತಿಗಳೂ ಬಿದ್ದುಹೋಗುತ್ತಿದ್ದವು. ನೀವು ಗೇಮ್ ಮಾಡುತ್ತಿದ್ದರೆ ಈ ಒಂದು ಬಾಗಿಲನ್ನು ಮೊದಲ ದಿನವೇ ಮುಚ್ಚಿ.

ಹಾಗಾಗಿ ಹೊಸ ಪೆಟ್ಟಿಗೆಗೆ ಬೆಲೆ ಇಡುವಾಗ ನಾನು ಕೇಳುವುದು ಒಂದೇ: ಇದು ಆಟಗಾರನಿಗೆ ಎಷ್ಟು ಓಡಾಟ ಉಳಿಸುತ್ತದೆ? ಗಣಿಯಿಂದ ಮನೆಗೆ ಹೋಗಿ ಬರಲು 6 ನಿಮಿಷ ಬೇಕು ಅಂದುಕೊಳ್ಳಿ. ಪೆಟ್ಟಿಗೆಯಿಂದ ದಿನಕ್ಕೆ ಹತ್ತು ಸಲದ ಓಡಾಟ ತಪ್ಪಿದರೆ ಒಂದು ಗಂಟೆ ಉಳಿಯಿತು. ಅದನ್ನು ಸಂಪಾದಿಸಲು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿದರೂ ಜನ ಖುಷಿಯಿಂದ ದುಡಿಯುತ್ತಾರೆ, ಮುಂದೆ ದಿನವೂ ಲಾಭವೇ ತಾನೆ. ಹತ್ತು ಗಂಟೆ ಹಿಡಿದರೆ ಯಾರೂ ಮುಟ್ಟುವುದಿಲ್ಲ.

ಎಲ್ಲೂ ಹೋಗದ, ನಿಂತಲ್ಲೇ ಇರುವ ಬ್ಯಾಂಕ್‌ಗೆ ಲೆಕ್ಕ ಬೇರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2007ರಲ್ಲಿ ಗಿಲ್ಡ್ ಬ್ಯಾಂಕ್, ಅಂದರೆ ಆಟಗಾರರ ಸಂಘ (ಗಿಲ್ಡ್) ಒಟ್ಟಾಗಿ ಸಾಮಾನು ಇಡುವ ಜಾಗ, ಬಂತು. ಪ್ರತಿ ಟ್ಯಾಬ್‌ನಲ್ಲೂ (ವಿಭಾಗದಲ್ಲೂ) 98 ಸ್ಲಾಟ್. ಮೊದಲ ಟ್ಯಾಬ್‌ಗೆ 100 ಗೋಲ್ಡ್, ಎರಡನೆಯದಕ್ಕೆ 250, ಏರುತ್ತಾ ಹೋಗಿ ಆರನೆಯದಕ್ಕೆ 5000. ಸಿಗುವ ಜಾಗ ಒಂದೇ, ಬೆಲೆ ಮಾತ್ರ 50 ಪಟ್ಟು. ಹೊಸ ಗಿಲ್ಡ್‌ಗೂ ಕಡಿಮೆ ಬೆಲೆಯಲ್ಲಿ ಶುರು ಮಾಡಲು ಆಗುತ್ತದೆ, ಶ್ರೀಮಂತ ಗಿಲ್ಡ್‌ನ ಗೋಲ್ಡ್ ಗೇಮ್‌ನಿಂದ ಹೊರಗೆ ಹೋಗುತ್ತದೆ. ಎರಡೂ ಆಗಬೇಕಾದ್ದೇ. ಜಾಗ ಕೊಡುವ ನೆಪದಲ್ಲಿ ಹಣದುಬ್ಬರ ತಗ್ಗಿಸಲು ಇದಕ್ಕಿಂತ ಸರಳ ದಾರಿ ನಾನು ನೋಡಿಲ್ಲ.

ನಿಜವಾದ ದುಡ್ಡಿಗೆ ಜಾಗ ಮಾರುವವರಿಗೆ ಒಂದು ಮಾತು. ಮಾರಿ, ತಪ್ಪೇನಿಲ್ಲ. ಆದರೆ ಮಾರಾಟ ಆಗಲಿ ಅಂತಲೇ ಪುಕ್ಕಟೆ ಜಾಗವನ್ನು ಬೇಕಂತ ಇಕ್ಕಟ್ಟು ಮಾಡಬೇಡಿ. ಆ ಇಕ್ಕಟ್ಟು ಆಟಗಾರನಿಗೆ ಗೊತ್ತಾಗುತ್ತದೆ. ದುಡ್ಡು ಕೊಟ್ಟಮೇಲೂ ಮರೆಯುವುದಿಲ್ಲ.

ಅಂದಾಜು ಸಿಗದಿದ್ದಾಗ ನಾನು ಕಡಿಮೆ ಸ್ಲಾಟಿನಿಂದಲೇ ಶುರು ಮಾಡುತ್ತೇನೆ. ಫಾಲ್‌ಔಟ್ 76 ಗೇಮ್ 2018ರ ನವೆಂಬರ್‌ನಲ್ಲಿ ಬಂದಾಗ ಸ್ಟ್ಯಾಶ್ ಪೆಟ್ಟಿಗೆಯಲ್ಲಿ 400 ತೂಕದಷ್ಟು ಮಾತ್ರ ಇಡಬಹುದಿತ್ತು. ಜನ ತುಂಬ ಗೊಣಗಿದರು. ಡಿಸೆಂಬರ್‌ನಲ್ಲಿ ಅದನ್ನು 600 ಮಾಡಿದರು, ಮುಂದೆ ಇನ್ನೂ ಏರಿಸಿದರು. ಪ್ರತಿ ಸಲವೂ ಅದು ಒಳ್ಳೆಯ ಸುದ್ದಿಯೇ ಆಯಿತು. 600 ಕೊಟ್ಟು ಆಮೇಲೆ 400ಕ್ಕೆ ಇಳಿಸುವುದನ್ನು ಊಹಿಸಿ ನೋಡಿ. ತುಂಬಿದ ಪೆಟ್ಟಿಗೆಯಿಂದ ಯಾರ ಯಾವ ಸಾಮಾನನ್ನು ಹೊರಗೆ ಹಾಕುತ್ತೀರಿ?