ನ್ಯೂಯಾರ್ಕ್ ಸಾರೋಟು: ನಿಷೇಧದ ಜಗಳ ಏಕೆ ಮುಗಿಯುತ್ತಿಲ್ಲ?

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಸಾರೋಟು ಕುದುರೆಗಳು ಪಾರ್ಕಿನಲ್ಲಿ ವಾಸಿಸುವುದಿಲ್ಲ. ಅವುಗಳ ಲಾಯಗಳು ಮ್ಯಾನ್‌ಹಾಟನ್ನಿನ ಪಶ್ಚಿಮ ಅಂಚಿನ ಹಳೆಯ ಕಟ್ಟಡಗಳಲ್ಲಿವೆ. ಕೆಲವು ಕುದುರೆಗಳ ಜಾಗ ಮಹಡಿಯ ಮೇಲೆ. ಅವು ಇಳಿಜಾರು ಹಾದಿಯಲ್ಲಿ ಹತ್ತಿ ಇಳಿಯುತ್ತವೆ. ಕೆಲಸಕ್ಕೆ ಹೊರಟರೆ ಬಸ್ಸು, ಟ್ಯಾಕ್ಸಿ, ಸೈರನ್ನುಗಳ ನಡುವೆ ಅಕ್ಕಪಕ್ಕ ಕಾಣದಂತೆ ಕಣ್ಣುಪಟ್ಟಿ ಕಟ್ಟಿಕೊಂಡು ಪಾರ್ಕು ಸೇರಬೇಕು, ಮುಗಿದ ಮೇಲೆ ಮತ್ತೆ ಅದೇ ಟ್ರಾಫಿಕ್ಕಿನಲ್ಲಿ ವಾಪಸ್. ಸಾರೋಟು ನಿಷೇಧಿಸಬೇಕೇ ಬೇಡವೇ ಎಂಬ ಇಡೀ ವಿವಾದದ ಬೇರು ಈ ದಾರಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕುದುರೆಗಳ ಪರವಾದ ದನಿ ಈ ಊರಿಗೆ ಹೊಸತಲ್ಲ. ಬೀದಿಯಲ್ಲಿ ಗಾಡಿ ಕುದುರೆಗಳನ್ನು ಬಡಿಯುವುದನ್ನು ಕಂಡು ರೋಸಿಹೋದ ಹೆನ್ರಿ ಬರ್ಗ್ 1866ರಲ್ಲಿ ಅಮೆರಿಕದ ಮೊದಲ ಪ್ರಾಣಿದಯಾ ಸಂಘ ಕಟ್ಟಿದ್ದು ಇಲ್ಲಿಯೇ. ಮೋಟಾರು ಬಂದ ಮೇಲೆ ಬೇರೆಲ್ಲ ಕುದುರೆ ಗಾಡಿಗಳು ಮರೆಯಾದವು, ವಿಹಾರದ ಸಾರೋಟು ಮಾತ್ರ ಉಳಿಯಿತು. ಇಂದು 68 ಪರವಾನಗಿಗಳು, ಸುಮಾರು 200 ಕುದುರೆಗಳು. ನಿಯಮಗಳೇನೋ ಇವೆ: ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವರ್ಷಕ್ಕೆ ಐದು ವಾರ ಹುಲ್ಲುಗಾವಲಿನಲ್ಲಿ ವಿಶ್ರಾಂತಿ ಕೊಡಬೇಕು.

2013ರ ಮೇಯರ್ ಚುನಾವಣೆಯಲ್ಲಿ ಬಿಲ್ ಡಿ ಬ್ಲಾಸಿಯೊ, ಅಧಿಕಾರ ಹಿಡಿದ ಕೂಡಲೇ ಸಾರೋಟು ನಿಲ್ಲಿಸುತ್ತೇನೆಂದು ಮಾತು ಕೊಟ್ಟರು. ಗೆದ್ದ ಮೇಲೆ ಚಾಲಕರ ಕಾರ್ಮಿಕ ಸಂಘ ಎದುರು ನಿಂತಿತು. ನಿಷೇಧ ಕೇಳುತ್ತಿದ್ದ ಸಂಘಟನೆಯ ಸ್ಥಾಪಕರಲ್ಲಿ ರಿಯಲ್ ಎಸ್ಟೇಟ್ ಉದ್ಯಮಿಯೂ ಇದ್ದುದರಿಂದ, ಕಣ್ಣಿರುವುದು ಲಾಯಗಳ ಜಾಗದ ಮೇಲೆ ಎಂಬ ಅನುಮಾನ ಹಬ್ಬಿತು. ಸಂಘಟನೆ ಅದನ್ನು ಅಲ್ಲಗಳೆಯಿತು, ಆದರೆ ಅನುಮಾನ ಹೋಗಲಿಲ್ಲ.

2016ರ ಆರಂಭದಲ್ಲಿ ಮೇಯರ್ ಮತ್ತು ಕಾರ್ಮಿಕ ಸಂಘದ ನಡುವೆ ರಾಜಿಯೊಂದು ಕುದುರಿತು. ಕುದುರೆಗಳ ಸಂಖ್ಯೆಯನ್ನು ನೂರಕ್ಕಿಂತ ಕೆಳಗಿಳಿಸಿ, ಪಾರ್ಕಿನೊಳಗೇ ಲಾಯ ಮಾಡಿಕೊಟ್ಟು, ರಸ್ತೆಗೆ ಬಾರದಂತೆ ನೋಡಿಕೊಳ್ಳುವ ಯೋಜನೆಯದು. ನಗರಸಭೆಯ ಮತದಾನಕ್ಕೆ ಒಂದು ದಿನ ಇರುವಾಗ ಕಾರ್ಮಿಕ ಸಂಘ ಬೆಂಬಲ ಹಿಂತೆಗೆದುಕೊಂಡಿತು, ಎಲ್ಲವೂ ಬಿದ್ದುಹೋಯಿತು. ಕುದುರೆಗೂ ಚಾಲಕನಿಗೂ ಒಟ್ಟಿಗೆ ಒಳ್ಳೆಯದಾಗಬಹುದಾಗಿದ್ದ ಅವಕಾಶ ಹಾಗೆ ಕೈತಪ್ಪಿತು. ನನಗೆ ಇಂದಿಗೂ ಬೇಸರವಿರುವುದು ಇದೊಂದಕ್ಕೇ.

2019ರಲ್ಲಿ ಸಾರೋಟು ಹತ್ತಿಸುವ ಜಾಗಗಳು ಪಾರ್ಕಿನೊಳಗೆ ಬಂದವು. ಸೆಕೆಯ ದಿನಗಳಲ್ಲಿ ಕುದುರೆಗಳ ಕೆಲಸ ನಿಲ್ಲಿಸಲು ಬಿಸಿಲಿನ ಜೊತೆ ಗಾಳಿಯ ತೇವಾಂಶವನ್ನೂ ಲೆಕ್ಕಕ್ಕೆ ಹಿಡಿಯುವ ಕಾಯ್ದೆಯಾಯಿತು. ಲಾಯಗಳು ಮಾತ್ರ ಇದ್ದಲ್ಲೇ ಇದ್ದವು.

2022ರ ಆಗಸ್ಟ್‌ನಲ್ಲಿ ರೈಡರ್ ಎಂಬ ಕುದುರೆ ನೈನ್ತ್ ಅವೆನ್ಯೂದಲ್ಲಿ ಕುಸಿದುಬಿತ್ತು. ಎದ್ದೇಳೆಂದು ಚಾಲಕ ಲಗಾಮಿನಿಂದ ಹೊಡೆಯುತ್ತಿದ್ದುದು, ಪೊಲೀಸರು ನೀರು ಸುರಿದು ಮೈ ತಣಿಸಿದ್ದು ಎಲ್ಲವೂ ವಿಡಿಯೊದಲ್ಲಿ ಸಿಕ್ಕಿತು. ಕಾಗದದಲ್ಲಿ ಅದರ ವಯಸ್ಸು 13. ಪರೀಕ್ಷಿಸಿದ ಪಶುವೈದ್ಯರ ಪ್ರಕಾರ 26. ಕೆಲವೇ ತಿಂಗಳಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಎಷ್ಟು ನಿಯಮ ಬರೆದರೂ ಕುದುರೆಯ ವಯಸ್ಸನ್ನೇ ಸರಿಯಾಗಿ ನೋಡದಿದ್ದರೆ ಏನು ಪ್ರಯೋಜನ? ಕ್ರೌರ್ಯದ ಮೊಕದ್ದಮೆಯಲ್ಲಿ ಚಾಲಕ 2025ರಲ್ಲಿ ಖುಲಾಸೆಯಾದ.

ಸಾರೋಟುಗಳನ್ನು ಹಂತಹಂತವಾಗಿ ನಿಲ್ಲಿಸುವ ಮಸೂದೆಗೆ ರೈಡರ್ ಹೆಸರನ್ನೇ ಇಟ್ಟರು. 2025ರಲ್ಲಿ ಪಾರ್ಕ್ ನಿರ್ವಹಿಸುವ ಸಂಸ್ಥೆ ಮೊದಲ ಬಾರಿಗೆ ನಿಷೇಧದ ಪರ ನಿಂತಿತು. ಬೆದರಿ ಓಡುವ ಕುದುರೆಗಳಿಂದ ಜನರಿಗೆ ಅಪಾಯ, ಲದ್ದಿ, ಹಾಳಾಗುವ ರಸ್ತೆಗಳು ಅದು ಕೊಟ್ಟ ಕಾರಣ. ಆಗಿನ ಮೇಯರ್ ಎರಿಕ್ ಆಡಮ್ಸ್ ಕೂಡ ದನಿಗೂಡಿಸಿದರು. ಆದರೂ ನವೆಂಬರ್‌ನಲ್ಲಿ ನಗರಸಭೆಯ ಆರೋಗ್ಯ ಸಮಿತಿ ಮಸೂದೆಯನ್ನು ತಳ್ಳಿಹಾಕಿತು.

ಉಳಿದಿರುವ ನಡುದಾರಿಯೆಂದರೆ ಪಾರ್ಕಿನೊಳಗಿನ ಲಾಯವೇ. ಪಾರ್ಕ್ ನೋಡಿಕೊಳ್ಳುವವರೇ ಈಗ ಸಾರೋಟು ಬೇಡ ಎನ್ನುತ್ತಿರುವುದರಿಂದ, ಅದನ್ನು ಒಪ್ಪಿಸುವುದು 2016ಕ್ಕಿಂತ ಕಷ್ಟದ ಕೆಲಸ.