ಹಾಲಿನ ಹುಡುಗ ಬಂದದ್ದು ಎಷ್ಟು ಗಂಟೆಗೆ?

ಲಿವರ್‌ಪೂಲ್‌ನ ಆನ್‌ಫೀಲ್ಡ್, 29 ವೊಲ್ವರ್ಟನ್ ಸ್ಟ್ರೀಟ್. 1931ರ ಜನವರಿ 20ರ ರಾತ್ರಿ ಸುಮಾರು 8.45ಕ್ಕೆ ಈ ಮನೆಯ ಮುಂಕೋಣೆಯಲ್ಲಿ ಜೂಲಿಯಾ ವಾಲೆಸ್ ತಲೆ ಜಜ್ಜಿದ ಸ್ಥಿತಿಯಲ್ಲಿ ಹೆಣವಾಗಿ ಸಿಕ್ಕಳು. ಶವದಡಿಯಲ್ಲಿ ಗಂಡನ ಮಳೆಕೋಟು ಇತ್ತು. ಕೊಂದ ಆಯುಧ ಇವತ್ತಿಗೂ ಸಿಕ್ಕಿಲ್ಲ. ಗಂಡ ವಿಲಿಯಂ ಹರ್ಬರ್ಟ್ ವಾಲೆಸ್ ವಿಮಾ ಕಂಪನಿಯ ಏಜೆಂಟ್. ಅಂದಿನಿಂದ ಹವ್ಯಾಸಿ ಪತ್ತೇದಾರರು ಆ ಸಂಜೆಯನ್ನು ನಿಮಿಷ ನಿಮಿಷವಾಗಿ ಮರಳಿ ಕಟ್ಟುತ್ತಲೇ ಇದ್ದಾರೆ. ಕೊಂದವರು ಯಾರು ಎಂದು ಅವರು ಎಷ್ಟೇ ಜಗಳವಾಡಲಿ, ಜಗಳದ ಬೇರು ಇರುವುದು ಒಂದೇ ಕಡೆ: ಗಡಿಯಾರ ನೋಡಿ ಹೇಳಿದ ಹೊತ್ತನ್ನೂ ಲೆಕ್ಕ ಹಾಕಿ ತೆಗೆದ ಹೊತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು.

ಗಟ್ಟಿಯಾದ ಹೊತ್ತು ಕೊಲೆಯ ಹಿಂದಿನ ದಿನದ್ದು. ಸೋಮವಾರ ಸಂಜೆ ವಾಲೆಸ್ ಆಡುತ್ತಿದ್ದ ಚೆಸ್ ಕ್ಲಬ್ಬಿಗೆ 'ಕ್ವಾಲ್ಟ್ರೋ' ಎಂಬ ಹೆಸರಿನಲ್ಲಿ ಒಂದು ಕರೆ ಬಂತು. ಮರುದಿನ ರಾತ್ರಿ 7.30ಕ್ಕೆ 25 ಮೆನ್‌ಲವ್ ಗಾರ್ಡನ್ಸ್ ಈಸ್ಟ್‌ಗೆ ಬರಲು ವಾಲೆಸ್‌ಗೆ ಹೇಳಿ ಎಂಬ ಸಂದೇಶ. ಕರೆ ಸರಿಯಾಗಿ ಹೋಗದೆ ಟೆಲಿಫೋನ್ ಎಕ್ಸ್‌ಚೇಂಜ್‌ನವರು ನಡುವೆ ಬರಬೇಕಾಯಿತು, ಅದರಿಂದಲೇ 7.15 ಎಂಬ ಟಿಪ್ಪಣಿ ಉಳಿಯಿತು. ಆ ಕರೆ ಮಾಡಿದ ಟೆಲಿಫೋನ್ ಬೂತ್ ಇದ್ದದ್ದು ವಾಲೆಸ್ ಮನೆಯಿಂದ ಸುಮಾರು 400 ಗಜ ದೂರದಲ್ಲಿ, ಆತ ಕ್ಲಬ್ಬಿಗೆ ಹೊರಟದ್ದೂ ಸರಿಸುಮಾರು ಅದೇ ಹೊತ್ತಿಗೆ. ಆತನೇ ಕರೆ ಮಾಡಿರಬಹುದು. ಆತ ಹೊರಡುವುದನ್ನೇ ಕಾಯುತ್ತಿದ್ದವನೂ ಮಾಡಿರಬಹುದು. ಫೋನ್ ಎತ್ತಿದ ಕ್ಲಬ್ ನಾಯಕನೋ, ಅದು ವಾಲೆಸ್ ದನಿಯಲ್ಲ ಎಂದ. ಹೊತ್ತು ಇಷ್ಟು ನಿಖರವಾಗಿದ್ದರೂ ಮಾಡಿದವರು ಯಾರೆಂದು ಅದು ಬಾಯಿ ಬಿಡುವುದಿಲ್ಲ.

ಮಂಗಳವಾರದ ಗೂಟ ಟ್ರಾಮಿನದು. ಮನೆಯಿಂದ ದೂರದ ಸ್ಮಿತ್‌ಡೌನ್ ರಸ್ತೆಯ ಕೂಡಲಿಯಲ್ಲಿ ಸಂಜೆ 7.06ಕ್ಕೆ ವಾಲೆಸ್ ಆ ವಿಳಾಸಕ್ಕೆ ಹೋಗಲು ಟ್ರಾಮ್ ಹತ್ತಿದ ಎಂದು ಕಂಡಕ್ಟರ್ ಸಾಕ್ಷಿ ಹೇಳಿದ. ಪೊಲೀಸರು ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಿ ನೋಡಿದರು. ಟ್ರಾಮ್ ಹಿಡಿಯಲು ಅವರು ಓಡಿದ ಓಟಕ್ಕೆ 'ಆನ್‌ಫೀಲ್ಡ್ ಓಟಗಾರರು' ಎಂಬ ಅಡ್ಡಹೆಸರೂ ಅಂಟಿತು. ಸುಮಾರು 17ರಿಂದ 20 ನಿಮಿಷ ಹಿಡಿಯುತ್ತದೆ ಎಂದುಕೊಂಡರೆ ಆತ ತಡವೆಂದರೂ 6.49ಕ್ಕೆ ಮನೆ ಬಿಟ್ಟಿರಬೇಕು. ಆತ ಹೇಳಿದ್ದು 6.45.

ಇನ್ನು ಹಾಲಿನ ಹುಡುಗ. ಜೂಲಿಯಾಳನ್ನು ಬಾಗಿಲಲ್ಲಿ ಜೀವಂತ ಕಂಡ ಕೊನೆಯ ಸಾಕ್ಷಿ, ವಯಸ್ಸು 14. ಅವನು ಚರ್ಚಿನ ಗಡಿಯಾರ ನೋಡಿದ್ದು 6.25ಕ್ಕೆ. ಅಲ್ಲಿಂದ ನಡೆಸಿ ನೋಡಿ ಪೊಲೀಸರು 6.31 ಎಂದರು. ಆದರೆ ಕೊಲೆಯ ಮರುದಿನ ಅವನು ಗೆಳೆಯರ ಬಳಿ ಹೇಳಿದ್ದು 6.45. ಪೇಪರ್ ಹಾಕುವ ಇನ್ನೊಬ್ಬ ಹುಡುಗನ ಲೆಕ್ಕ 6.37ರ ಆಸುಪಾಸು, ಅವನೂ ಅದೇ ಗಡಿಯಾರವನ್ನು ದಾಟಿ ಬಂದವನೇ. ಕೂಡಿ ಕಳೆದು ನೋಡಿ: 6.31 ಆದರೆ ವಾಲೆಸ್‌ಗೆ ಹೆಚ್ಚೆಂದರೆ 18 ನಿಮಿಷ, 6.37 ಆದರೆ 12, 6.45 ಆದರೆ ಬರೀ 4. ಅಷ್ಟರೊಳಗೆ ಕೊಲ್ಲಬೇಕು, ಕಳ್ಳತನದ ತೋರಿಕೆ ಹೂಡಬೇಕು, ರಕ್ತ ತೊಳೆಯಬೇಕು, ಆಯುಧ ಕೈಗೆತ್ತಿಕೊಂಡು ಹೊರಡಬೇಕು. ಆತನ ಬಟ್ಟೆಯ ಮೇಲೆ ರಕ್ತದ ಕಲೆ ಇರಲಿಲ್ಲ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಹವ್ಯಾಸಿಗಳು ಎಡವುವುದು ಇಲ್ಲೇ. 6.31ನ್ನು ಯಾರೂ ಗಡಿಯಾರದಲ್ಲಿ ಕಂಡಿಲ್ಲ, 6.25ಕ್ಕೆ ನಡಿಗೆಯ ಊಹೆ ಸೇರಿಸಿ ಬಂದದ್ದು ಅದು. ಆದರೂ ಪಟ್ಟಿಯಲ್ಲಿ ಅದು 7.15ರ ಪಕ್ಕದಲ್ಲೇ, ಅಷ್ಟೇ ಗತ್ತಿನಿಂದ ಕೂರುತ್ತದೆ. ಪ್ರತಿ ಘಟನೆಗೂ ಎರಡು ಅಂಕಿ ಬರೆಯುವುದು ವಾಸಿ: ಇದಕ್ಕಿಂತ ಮುಂಚೆ ಆಗಿರಲಾರದು, ಇದಕ್ಕಿಂತ ತಡವಾಗಿರಲಾರದು. ಪಕ್ಕದಲ್ಲಿ ಯಾವ ಗಡಿಯಾರ, ಯಾರು ನೋಡಿದ್ದು, ಮೊದಲು ಯಾವಾಗ ಹೇಳಿದ್ದು ಎಂದು ನಮೂದಿಸಬೇಕು. ನಡೆದು ನೋಡುವಾಗ ಹಾಲಿನ ಹುಡುಗ ದಾರಿಯ ಉಳಿದ ಮನೆಗಳ ಮುಂದೆ ನಿಂತದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಮಾಡಿದರೆ ಒಂದು ಬಿಂದುವಿನ ಜಾಗದಲ್ಲಿ ಹೊತ್ತಿನ ಅಗಲವಾದ ಹರವೊಂದು ಕಾಣಿಸುತ್ತದೆ. ಕಥೆ ಹೇಳುವವರಿಗೆ ಅದು ರುಚಿಸುವುದಿಲ್ಲ.

ವೈದ್ಯರ ಮಾತೂ ನೆರವಿಗೆ ಬರಲಿಲ್ಲ. ಪ್ರೊಫೆಸರ್ ಮ್ಯಾಕ್‌ಫಾಲ್ ಶವದ ಬಿಗಿತ ನೋಡಿ ಸಾವು ಸುಮಾರು 6 ಗಂಟೆಗೆ ಎಂದರು. ದೇಹದ ಉಷ್ಣತೆಯನ್ನು ಥರ್ಮಾಮೀಟರಿನಲ್ಲಿ ಅಳೆಯಲಿಲ್ಲ. 6.30ರ ನಂತರ ಹಾಲು ಇಸಕೊಂಡವಳು 6ಕ್ಕೇ ಸತ್ತಿರಲು ಹೇಗೆ ಸಾಧ್ಯ? ಬಿಗಿತ ಶುರುವಾಗುವ ಹೊತ್ತು ಮೈಕಟ್ಟು, ಕೋಣೆಯ ಬಿಸಿ, ಸಾಯುವ ಮುಂಚಿನ ಹೆಣಗಾಟ ಇವುಗಳ ಮೇಲೆ ಗಂಟೆಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ನಿಮಿಷದ ಜಗಳಕ್ಕೆ ಅದನ್ನು ಸಾಕ್ಷಿಗೆ ಕರೆದದ್ದೇ ತಪ್ಪು.

ಜೂರಿ ಸುಮಾರು ಒಂದು ಗಂಟೆಯಲ್ಲಿ, ಏಪ್ರಿಲ್ 25ರಂದು, ವಾಲೆಸ್ ತಪ್ಪಿತಸ್ಥನೆಂದಿತು, ಗಲ್ಲು ಶಿಕ್ಷೆಯಾಯಿತು. ಮೇ 19ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿ, ಸಾಕ್ಷ್ಯ ಆ ತೀರ್ಪನ್ನು ಹೊರುವಷ್ಟಿಲ್ಲ ಎಂದಿತು. 1933ರಲ್ಲಿ ವಾಲೆಸ್ ತೀರಿಕೊಂಡ.

ಐವತ್ತು ವರ್ಷದ ನಂತರ, 1981ರಲ್ಲಿ, ಲಿವರ್‌ಪೂಲ್‌ನ ರೇಡಿಯೋದಲ್ಲಿ ಒಬ್ಬ ಹಳೆಯ ಗ್ಯಾರೇಜು ಕೆಲಸಗಾರ, ಆ ರಾತ್ರಿ ಒಬ್ಬ ಯುವಕನ ಕಾರು ತೊಳೆದಾಗ ರಕ್ತ ಹತ್ತಿದ ಕೈಗವಸು ಕಂಡೆ ಎಂದ. ಆ ಯುವಕನೂ ಹಿಂದೊಮ್ಮೆ ಅದೇ ವಿಮಾ ಕಂಪನಿಯಲ್ಲಿದ್ದವನು. ಕಾರ್ಯಕ್ರಮ ಬರುವ ಹೊತ್ತಿಗೆ ತೀರಿಹೋಗಿದ್ದ. ಆದರೆ ಕೊಲೆಯ ಸಂಜೆ ಅವನು ಬೇರೆ ಮನೆಯೊಂದರಲ್ಲಿದ್ದ ಎಂದು ಹೇಳಿದವರಿದ್ದರು. ಅದನ್ನು ದಾಟಲು ಕೆಲವರು ಕರೆ ಮಾಡಿದವನೊಬ್ಬ, ಕೊಂದವನು ಇನ್ನೊಬ್ಬ ಎಂದು ಸೀಳಿ ನೋಡಿದರು. ಹಾಗೆ ಸೀಳಿದರೆ ನಿಮಿಷಗಳ ಇಕ್ಕಟ್ಟು ಸಡಿಲವಾಗುತ್ತದೆ ನಿಜ. ಇಬ್ಬರನ್ನು ಜೋಡಿಸುವ ನೂಲನ್ನು ಮಾತ್ರ ಹೊಸದಾಗಿ ಹುಡುಕಬೇಕಾಗುತ್ತದೆ.